12 ದಿನದಲ್ಲಿ ಮುಸ್ತಾಂಗ್ ಗಡಿ ಮುಟ್ಟಿ ಬರಬಹುದಾ?

ಪ್ರಶ್ನೆ: ನನಗೆ 39 ವರ್ಷ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. 2016ರ ಹಿಮಾಲಯನ್ ಬೈಕ್ ಇಟ್ಟುಕೊಂಡಿದ್ದೇನೆ, ಕಾರ್ಬ್ಯುರೇಟರ್ ಇರುವ ಮೊದಲ ಮಾಡೆಲ್. ಹಂಗಾಮು ಶುರುವಾಗುವ ಮುಂಚೆ, ದಸರೆಯ ಹೊತ್ತಿಗೆ 12 ದಿನ ಬಿಡುವು ಸಿಗುತ್ತದೆ. ರಾಣೆಬೆನ್ನೂರಿನ ಗೆಳೆಯನ ಜೊತೆ ಇಲ್ಲಿಂದಲೇ ಬೈಕ್ ಓಡಿಸಿಕೊಂಡು ನೇಪಾಳದ ಮುಸ್ತಾಂಗಿಗೆ ಹೋಗಿ, ಟಿಬೆಟ್ ಗಡಿಯ ಕೋರಲಾ ಮುಟ್ಟಿ ಬರಬೇಕು ಅಂತ ಆಸೆ. ಮುಂದಿನ ವರ್ಷ ತಜಿಕಿಸ್ತಾನದ ಪಾಮಿರ್ ಹೈವೇ. ಮನಾಲಿ–ಲೇಹ್ ಒಮ್ಮೆ ಮಾಡಿದ್ದೇನೆ. ಸರ್ಚುನಲ್ಲಿ ಒಂದು ರಾತ್ರಿ ತಲೆನೋವು ಬಂದದ್ದು ಬಿಟ್ಟರೆ ಏನೂ ತೊಂದರೆ ಆಗಲಿಲ್ಲ. ಕಾಗದಪತ್ರ ಏನೇನು ಬೇಕು? ಗಾಡಿಗೆ ಏನು ಮಾಡಿಸಬೇಕು? ಇನ್ನೊಂದು, ಇದು ನನ್ನ ಹೆಂಡತಿಯ ಪ್ರಶ್ನೆ: ಅಲ್ಲಿ ಏನಾದರೂ ಆದರೆ ನಿಮ್ಮನ್ನು ಹೊತ್ತು ತರುವವರು ಯಾರು?

ಉತ್ತರ: ಮೊದಲು ನಿಮ್ಮ 12 ದಿನದ ಲೆಕ್ಕ ನೋಡೋಣ. ಬ್ಯಾಡಗಿಯಿಂದ ಸೋಲಾಪುರ, ನಾಗಪುರ, ಜಬಲ್‌ಪುರ, ಗೋರಖ್‌ಪುರ ಹಾದು ಸೋನೌಲಿ ಗಡಿಗೆ ಹೆಚ್ಚುಕಡಿಮೆ 2,000 ಕಿ.ಮೀ. ದಿನಕ್ಕೆ 500 ಓಡಿಸಿದರೂ ಹೋಗೋಕೆ ನಾಲ್ಕು ದಿನ, ಬರೋಕೆ ನಾಲ್ಕು. ಉಳಿದದ್ದು ನಾಲ್ಕೇ. ಸೋನೌಲಿಯಿಂದ ಪೋಖರಾಕ್ಕೆ ಒಂದು ದಿನ, ಪೋಖರಾದಿಂದ ಮುಸ್ತಾಂಗಿನ ಜೋಮ್‌ಸೋಮ್‌ಗೆ ಇನ್ನೊಂದು. ಅಲ್ಲಿಗೆ ಮುಟ್ಟಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಗಿರುತ್ತದೆ. ಕೋರಲಾ ಅಲ್ಲಿಂದ ಇನ್ನೂ ಎಷ್ಟೋ ಮೇಲಿದೆ.

"ದಿನಕ್ಕೆ 700 ಹೊಡೆದರಾಯ್ತು" ಅಂತ ನೀವಿಬ್ಬರೂ ಈಗ ಮಾತಾಡಿಕೊಳ್ಳುತ್ತಿರುತ್ತೀರಿ, ನನಗೆ ಗೊತ್ತು. ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಬರುವ ಹುಡುಗರೆಲ್ಲ ಇದನ್ನೇ ಹೇಳುತ್ತಾರೆ. ಹೊಡೆಯಬಹುದು. ಆದರೆ ಗಡಿಯ ಗುಡ್ಡಗಾಡಿನಲ್ಲಿ ಎರಡು ಲೆಕ್ಕ ಒಟ್ಟಿಗೆ ನಡೆಯುತ್ತವೆ. ಕಾಗದದ ಲೆಕ್ಕ ತಾರೀಖಿನದು. ಇಂಥ ದಿನ ಒಳಗೆ ಬಂದೆ, ಇಂಥ ದಿನ ಹೊರಗೆ ಹೋಗಬೇಕು. ಗುಡ್ಡಕ್ಕೆ ಆ ತಾರೀಖು ಗೊತ್ತಿಲ್ಲ. ಮಣ್ಣು ಕುಸಿದರೆ ಎರಡು ದಿನ ರಸ್ತೆ ಬಂದ್. ತಲೆ ನೋಯೋಕೆ ಶುರುವಾದರೆ ಒಂದು ದಿನ ಕೂತಲ್ಲೇ ಕೂರಬೇಕು. ಇವೆರಡರ ನಡುವೆ ನಿಮ್ಮನ್ನು ಕಾಯುವುದು ಖಾಲಿ ದಿನ ಮಾತ್ರ. ನಿಮ್ಮ 12 ದಿನದಲ್ಲಿ ಅಂಥದ್ದು ಒಂದೂ ಇಲ್ಲ.

ಹಾಗಾಗಿ ನನ್ನ ಸಲಹೆ ಇದು. ದಿನ 12ರಿಂದ 16ಕ್ಕೆ ಏರಿಸಿ. ಕೋರಲಾ ಈ ಸಲ ಬಿಟ್ಟುಬಿಡಿ, ಮುಕ್ತಿನಾಥದವರೆಗೆ ಸಾಕು. ಬೈಕನ್ನು ಗೋರಖ್‌ಪುರದವರೆಗೆ ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸುತ್ತಾರೆ, ಗೋಣಿಚೀಲ ಸುತ್ತಿ ಕಟ್ಟುತ್ತಾರೆ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ. ಕನ್ನಡಿ, ಇಂಡಿಕೇಟರ್ ಬಿಚ್ಚಿ ಬ್ಯಾಗಿನಲ್ಲಿಟ್ಟುಕೊಳ್ಳಿ. ನೀವು ಹೋದ ಗಾಡಿಯಲ್ಲೇ ಬೈಕ್ ಬರುತ್ತದೆ ಅಂತ ನಂಬಬೇಡಿ. ದಾರಿಯಲ್ಲಿ ರೈಲು ಬದಲಾಗುವುದಿದ್ದರಂತೂ ನಾಲ್ಕೈದು ದಿನ ಮುಂಚೆಯೇ ಕಳಿಸಿಬಿಡುವುದು ಒಳ್ಳೆಯದು. ಇಷ್ಟೆಲ್ಲ ಯಾಕೆ, ಪೋಖರಾದಲ್ಲೇ ಬಾಡಿಗೆಗೆ ಬೈಕ್ ಸಿಗುತ್ತದಲ್ವಾ ಅಂದರೆ, ಸಿಗುತ್ತದೆ. ಆದರೆ ಒಂಬತ್ತು–ಹತ್ತು ವರ್ಷ ಓಡಿಸಿದ ಗಾಡಿಯ ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸ ಆದರೂ ನಿಮ್ಮ ಕಿವಿಗೆ ತಿಳಿಯುತ್ತದೆ. ಮೊದಲ ವಿದೇಶ ಪ್ರವಾಸಕ್ಕೆ ಆ ಕಿವಿಯೇ ದೊಡ್ಡ ಆಸ್ತಿ.

ಇನ್ನು ಕಾಗದಪತ್ರ. ನೇಪಾಳಕ್ಕೆ ನಮಗೆ ವೀಸಾ ಬೇಡ. ಆದರೆ ಆಧಾರ್ ಕಾರ್ಡ್ ತೋರಿಸಿ ಹೋಗಿಬರಬಹುದು ಅಂತ ಯಾರಾದರೂ ಹೇಳಿದ್ದರೆ ಕೇಳಬೇಡಿ. ಆಧಾರ್ ನಡೆಯುವುದು 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ. ನಿಮ್ಮ ವಯಸ್ಸಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆ. ಆರ್‌ಸಿ ಮೂಲಪ್ರತಿಯೇ ಇರಲಿ, ಮೊಬೈಲಿನಲ್ಲಿ ತೋರಿಸುತ್ತೇನೆ ಅನ್ನುವುದು ಗಡಿಯಲ್ಲಿ ಬೇಡ. ಗಾಡಿ ನಿಮ್ಮ ಹೆಸರಿನಲ್ಲೇ ಇದೆಯಾ ಅಂತ ಒಮ್ಮೆ ನೋಡಿ. ಅಂಗಡಿಯ ಹೆಸರಿನಲ್ಲೋ ತಮ್ಮನ ಹೆಸರಿನಲ್ಲೋ ಇದ್ದರೆ ಒಪ್ಪಿಗೆ ಪತ್ರ ಮಾಡಿಸಿಕೊಳ್ಳಿ.

ಗಡಿಯಲ್ಲಿ ಮುಖ್ಯವಾದದ್ದು ಭನ್ಸಾರ್. ನೇಪಾಳಿಯಲ್ಲಿ ಸುಂಕದ ಕಟ್ಟೆಗೆ ಹಾಗಂತಾರೆ. ಅಲ್ಲಿ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ ಬೈಕಿಗೆ ಪರವಾನಗಿ ಚೀಟಿ ತಗೋಬೇಕು. ಒಳಗೆ ಹೋದ ದಿನವೂ ಲೆಕ್ಕ, ಹೊರಗೆ ಬಂದ ದಿನವೂ ಲೆಕ್ಕ. ಒಂದು ಭಾರತೀಯ ಗಾಡಿ ಒಂದು ವರ್ಷದಲ್ಲಿ ಒಟ್ಟು 30 ದಿನ ಮಾತ್ರ ಅಲ್ಲಿರಬಹುದು. ಚೀಟಿಯನ್ನು ಹೊರಬರುವಾಗ ವಾಪಸ್ ಕೊಡಬೇಕು, ಕಳೆದರೆ ತಲೆಬಿಸಿ.

ನಾನು ಮೊದಲ ಸಲ ಹೋದಾಗ ಏಳು ದಿನದ ಚೀಟಿ ಮಾಡಿಸಿದ್ದೆ. ಎಂಟನೆಯ ದಿನಕ್ಕೆ ಸುಮ್ನೆ ಯಾಕೆ ದುಡ್ಡು ಕಟ್ಟಬೇಕು ಅನ್ನುವ ಜಿಪುಣತನ, ಅಷ್ಟೇ. ವಾಪಸ್ ಬರುವಾಗ ಜೋಮ್‌ಸೋಮ್–ಪೋಖರಾ ದಾರಿಯ ತಾತೋಪಾನಿಯ ಕೆಳಗೆ ಗುಡ್ಡ ಜಾರಿತು. ಮಳೆಗಾಲ ಮುಗಿದಿತ್ತು, ಆದರೆ ಮಣ್ಣು ಇನ್ನೂ ಹಸಿಯಿತ್ತು. ಒಂದು ಚಹಾ ಅಂಗಡಿಯ ಅಟ್ಟದ ಮೇಲೆ ಎರಡು ರಾತ್ರಿ. ಜೆಸಿಬಿ ಬೆಳಗ್ಗೆ ಬರುತ್ತದೆ, ಮಧ್ಯಾಹ್ನ ಬರುತ್ತದೆ ಅಂತ ಅಂಗಡಿಯ ಅಜ್ಜಿ ಹೇಳುತ್ತಲೇ ಇದ್ದಳು, ದಾಲ್ ಭಾತ್ ಬಡಿಸುತ್ತಲೇ ಇದ್ದಳು. ಎರಡು ದಿನ ತಡವಾಗಿ ಗಡಿಗೆ ಬಂದು ದಂಡ ಕಟ್ಟಿದೆ. ಎರಡು ದಿನದ ಭನ್ಸಾರ್ ಮೊದಲೇ ಕಟ್ಟಿದ್ದರೆ ಅದರ ಸಣ್ಣ ಪಾಲೂ ಆಗುತ್ತಿರಲಿಲ್ಲ. ಈಗ ನನ್ನ ಲೆಕ್ಕಕ್ಕಿಂತ ಮೂರು ದಿನ ಜಾಸ್ತಿಯೇ ಬರೆಸುತ್ತೇನೆ.

ವಿಮೆಯ ವಿಷಯ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ನಿಮ್ಮ ಬೈಕಿನ ಪಾಲಿಸಿ ಭಾರತದೊಳಗೆ ಮಾತ್ರ ನಡೆಯುತ್ತದೆ. ನೇಪಾಳ, ಭೂತಾನ, ಬಾಂಗ್ಲಾದೇಶಗಳಿಗೂ ಅದನ್ನು ಹಿಗ್ಗಿಸಬಹುದು. ಅದಕ್ಕೆ ಐಎಂಟಿ–1 ಅನ್ನುವ ಸೇರ್ಪಡೆ ಇದೆ, ಸಣ್ಣ ಮೊತ್ತ ಕಟ್ಟಿದರೆ ಪಾಲಿಸಿಗೆ ಅಂಟಿಸಿ ಕೊಡುತ್ತಾರೆ. ಏಜೆಂಟರಿಗೆ ಕೇಳಿದರೆ "ಅದೆಲ್ಲ ಯಾಕ್ರೀ" ಅನ್ನಬಹುದು. ಬಿಡಬೇಡಿ, ಬರಹದಲ್ಲೇ ತಗೊಳ್ಳಿ.

ಪೋಖರಾದಿಂದ ಜೋಮ್‌ಸೋಮ್‌ಗೆ ಹೋಗುವ ದಾರಿಯಲ್ಲಿ ಬೇನಿ ಅನ್ನುವ ಊರು ದಾಟಿದ ಮೇಲೆ ಅನ್ನಪೂರ್ಣ ಸಂರಕ್ಷಿತ ಪ್ರದೇಶ ಶುರು. ಅದಕ್ಕೆ ಪ್ರವೇಶ ಪರವಾನಗಿ ಬೇಕು, ಪೋಖರಾದಲ್ಲೇ ಮಾಡಿಸಿಕೊಳ್ಳಿ. ನಾವೂ ಸೇರಿದ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಅಂದರೆ ನಮ್ಮ 625. ನಮ್ಮ ಒಂದು ರೂಪಾಯಿಗೆ ಅವರ 1.60 ಅನ್ನುವ ದರ 1993ರಿಂದ ಬದಲಾಗಿಲ್ಲ, ಹಾಗಾಗಿ ಲೆಕ್ಕ ಸುಲಭ. ನಮ್ಮ 100ರ ನೋಟು ಜಾಸ್ತಿ ಇಟ್ಟುಕೊಳ್ಳಿ, ಪೋಖರಾದಲ್ಲಿ ನೇಪಾಳಿ ನೋಟು ಮಾಡಿಸಿಕೊಳ್ಳಿ. ಪೇಟೆಯಲ್ಲಿ ನಮ್ಮ ಯುಪಿಐ ನಡೆಯುವ ಅಂಗಡಿಗಳಿವೆ, ಮೇಲಿನ ಊರುಗಳಲ್ಲಿ ನಗದೇ ದೇವರು.

ಈಗ ಕೋರಲಾ ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ಜೋಮ್‌ಸೋಮ್ ದಾಟಿದ ಮೇಲೆ ಸಿಗುವ ಕಾಗ್‌ಬೇನಿಯಿಂದ ಮೇಲೆ ಇರುವುದು ಮೇಲಿನ ಮುಸ್ತಾಂಗ್. 1992ರವರೆಗೆ ಹೊರಗಿನವರಿಗೆ ಬಾಗಿಲೇ ತೆರೆದಿರಲಿಲ್ಲ. ಈಗಲೂ ಅದು ನಿರ್ಬಂಧಿತ ಪ್ರದೇಶ. ನೋಂದಾಯಿತ ಏಜೆನ್ಸಿಯ ಮೂಲಕವೇ ವಿಶೇಷ ಪರವಾನಗಿ ಪಡೆಯಬೇಕು, ಜೊತೆಗೆ ಗೈಡ್ ಬೇಕು. ಅಲ್ಲಿಗೆ ನಾವು ಭಾರತೀಯರೂ ವಿದೇಶಿಯರೇ. ಬಹಳ ವರ್ಷ 10 ದಿನಕ್ಕೆ 500 ಡಾಲರ್ ಇತ್ತು, ನೀವು ಹೋಗುವ ಹೊತ್ತಿನ ದರವನ್ನು ಏಜೆನ್ಸಿಯವರ ಹತ್ತಿರವೇ ಕೇಳಿ. ಕೋರಲಾ ಇರುವುದು 4,660 ಮೀಟರ್ ಎತ್ತರದಲ್ಲಿ. 2023ರ ನವೆಂಬರಿನಲ್ಲಿ ಅಲ್ಲಿನ ಗಡಿ ಕಟ್ಟೆ ಮತ್ತೆ ತೆರೆಯಿತು, ಆದರೆ ಅದು ವ್ಯಾಪಾರಕ್ಕೆ, ಆಚೀಚಿನ ಜನರಿಗೆ. ನೀವು ಬೈಕ್ ತಗೊಂಡು ಆಚೆ ಹೋಗುವ ಹಾಗಿಲ್ಲ. ನೋಡಿ ಬರುವ ಗಡಿ ಅದು, ದಾಟುವ ಗಡಿ ಅಲ್ಲ. ನೋಡಿ ಬರೋದಕ್ಕೆ ಇಷ್ಟು ದುಡ್ಡು, ಐದಾರು ದಿನ, ಅದೂ ಮೊದಲ ಸಲವೇ? ನನಗೆ ಸರಿ ಕಾಣುವುದಿಲ್ಲ.

ಆ ನೆಲಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ಹುಬ್ಬಳ್ಳಿಯಿಂದ ಒಂದು ತಾಸಿನ ದಾರಿಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟಿಯನ್ನರ ಕ್ಯಾಂಪ್ ಇದೆ, ನೀವೂ ಹೋಗಿ ಮೊಮೊ ತಿಂದಿರುತ್ತೀರಿ. ಟಿಬೆಟ್ ಬಿಟ್ಟು ಬಂದು ಚೀನಾದ ವಿರುದ್ಧ ಹೋರಾಡುತ್ತಿದ್ದ ಖಂಪಾಗಳು ಅದೇ ಕಾಲದಲ್ಲಿ ಮುಸ್ತಾಂಗಿನಲ್ಲಿ ನೆಲೆ ಮಾಡಿಕೊಂಡಿದ್ದರು. 1974ರಲ್ಲಿ ನೇಪಾಳದ ಸೈನ್ಯ ಅವರ ಆಯುಧ ಇಳಿಸಿತು. ಇದನ್ನು ಯಾಕೆ ಹೇಳಿದೆ ಅಂದರೆ, ಅಲ್ಲಿನ ಪೊಲೀಸರು ಡ್ರೋನ್ ಕಂಡರೆ ಯಾಕೆ ಸಿಟ್ಟಾಗುತ್ತಾರೆ ಅನ್ನುವುದು ಇದರಿಂದ ಅರ್ಥ ಆಗುತ್ತದೆ. ಡ್ರೋನ್ ಮನೆಯಲ್ಲೇ ಇರಲಿ. ಚೆಕ್‌ಪೋಸ್ಟ್, ಸೇತುವೆ, ಸೈನಿಕರ ಫೋಟೋ ಬೇಡ. ಮುಂಡಗೋಡಿನಲ್ಲಿ ಕಲಿತ "ತಾಶಿ ದೆಲೆ" ಒಂದು ಸಾಕು, ಅಡುಗೆ ಮನೆಯೊಳಗೇ ಕರೆದು ಕೂರಿಸುತ್ತಾರೆ.

ಈಗ ದಾರಿ. ಪೋಖರಾ ಇರುವುದು 800 ಮೀಟರಿನ ಆಸುಪಾಸು, ಅಂದರೆ ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟೇ ಎತ್ತರ. ಮುಕ್ತಿನಾಥ 3,700 ದಾಟುತ್ತದೆ. ಗಟ್ಟಿ ಸವಾರ ಒಂದೇ ದಿನದಲ್ಲಿ ಮುಟ್ಟಬಹುದು. ಅಲ್ಲೇ ಇರುವುದು ಅಪಾಯ. ಸರ್ಚುನಲ್ಲಿ ತಲೆನೋವು ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ ಅಂತ ಬರೆದಿದ್ದೀರಿ. ಅದು ಸಣ್ಣ ಮಾತಲ್ಲ. ಮನಾಲಿ ಸುಮಾರು 2,050 ಮೀಟರ್, ಸರ್ಚು 4,290. ಒಂದೇ ದಿನದಲ್ಲಿ 2,200 ಮೀಟರ್ ಏರಿ ಅಲ್ಲೇ ಮಲಗಿದಿರಿ. ತಲೆನೋವು ಬಾರದೆ ಇನ್ನೇನು ಬಂದೀತು? ಒಮ್ಮೆ ಹಾಗೆ ಆದವರಿಗೆ ಅದೇ ವೇಗದಲ್ಲಿ ಏರಿದರೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ.

ವೈದ್ಯರ ಲೆಕ್ಕ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ಹಗಲು ಎಷ್ಟು ಮೇಲೆ ಹೋದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ಹಾಗಾಗಿ ಮೊದಲ ರಾತ್ರಿ ತಾತೋಪಾನಿ, 1,200 ಮೀಟರ್. ಹೆಸರೇ ಹೇಳುವ ಹಾಗೆ ಬಿಸಿನೀರಿನ ಊಟೆ ಇದೆ, ಸೊಂಟಕ್ಕೆ ಒಳ್ಳೆಯದು. ಎರಡನೆಯ ರಾತ್ರಿ ಮಾರ್ಫಾ, 2,670. ಸೇಬಿನ ಊರು. ಮೂರನೆಯ ರಾತ್ರಿ ಕಾಗ್‌ಬೇನಿ, 2,800. ನಾಲ್ಕನೆಯ ದಿನ ಬೆಳಗ್ಗೆ ಮುಕ್ತಿನಾಥಕ್ಕೆ ಏರಿ, ದರ್ಶನ ಮಾಡಿ, ಮತ್ತೆ ಕಾಗ್‌ಬೇನಿಗೇ ಬಂದು ಮಲಗಿ. ಐದನೆಯ ದಿನ ಖಾಲಿ. ಬೇಕಾಗದಿದ್ದರೆ ನದಿ ದಂಡೆಯಲ್ಲಿ ಕೂತು ಕಾಲ ಕಳೆಯಿರಿ. ಆ ನದಿ ಕಾಳಿ ಗಂಡಕಿ, ಧಾರವಾಡದ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ತವರು. ಕೋಟ್ಯಂತರ ವರ್ಷ ಹಿಂದೆ ಅಲ್ಲಿ ಸಮುದ್ರವಿದ್ದಾಗಿನ ಜೀವಿಯ ಗುರುತು ಆ ಕಲ್ಲಿನೊಳಗಿನ ಚಕ್ರ.

ಒಂದು ಸಲ ನನ್ನ ಜೊತೆ ಬಂದಿದ್ದ ಗದಗಿನ ಹುಡುಗನೊಬ್ಬ ಹಟ ಮಾಡಿ ಮುಕ್ತಿನಾಥದ ಕೆಳಗಿನ ರಾನಿಪೌವಾದಲ್ಲೇ ಉಳಿದ. ಒಳ್ಳೆ ಕಸರತ್ತಿನ ಮೈ, 26 ವರ್ಷ. ಬೆಳಗ್ಗೆ ಬೈಕಿನ ಹತ್ತಿರ ನಿಂತು ಕೀಲಿಯನ್ನು ತೂತಿಗೆ ಹಾಕೋಕೆ ನೋಡುತ್ತಿದ್ದ. ಒಂದು ಸಲ ಹ್ಯಾಂಡಲ್ಲಿಗೆ ಬಡಿಯಿತು, ಇನ್ನೊಂದು ಸಲ ಮೀಟರಿಗೆ. ಮೂರನೆಯ ಸಲ ಕೀಲಿ ಕೆಳಗೆ ಬಿತ್ತು. "ಚಳಿಗೆ ಕೈ ಮರಗಟ್ಟಿದೆ" ಅಂದ. ನಾನು ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡಿ ಅಂದೆ. ಮೂರನೆಯ ಹೆಜ್ಜೆಗೆ ವಾಲಿದ. ಅವನ ಬೈಕ್ ಅಲ್ಲೇ ಬಿಟ್ಟು, ನನ್ನ ಹಿಂದೆ ಕೂರಿಸಿ ಸೊಂಟಕ್ಕೆ ಪಂಚೆ ಸುತ್ತಿ ಕಟ್ಟಿ ಕಾಗ್‌ಬೇನಿಗೆ ಇಳಿಸಿದೆ. 900 ಮೀಟರ್ ಇಳಿದಿದ್ದೇ ಔಷಧಿ. ಸಂಜೆಗೆ ಊಟ ಕೇಳಿದ. ಗೆರೆಯ ಮೇಲೆ ನಡೆಯೋಕೆ ಆಗದಿದ್ದರೆ ಮಿದುಳಿನಲ್ಲಿ ನೀರು ಕೂಡುತ್ತಿದೆ ಅಂತ ತಿಳಿಯಬೇಕು. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ ಶ್ವಾಸಕೋಶದಲ್ಲಿ. ಎರಡಕ್ಕೂ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಇಳಿಯಬೇಕು. ಆಸೆಟಜೋಲಮೈಡ್ ಮಾತ್ರೆಯ ವಿಷಯ ನಿಮ್ಮ ಡಾಕ್ಟರಿಗೆ ಕೇಳಿ, ಸಲ್ಫಾ ಔಷಧಿ ನಿಮಗೆ ಒಗ್ಗದಿದ್ದರೆ ಅದನ್ನೂ ಹೇಳಿ. ಮಾತ್ರೆ ನುಂಗಿದೆ ಅಂತ ಒಂದೇ ದಿನಕ್ಕೆ ಏರುವ ಧೈರ್ಯ ಮಾತ್ರ ಬೇಡ.

ಗಾಳಿಯ ಬಗ್ಗೆ ಎರಡು ಮಾತು. ಕಪ್ಪತಗುಡ್ಡದ ಗಾಳಿಗೆ ಬೈಕ್ ಓಡಿಸಿದವರಿಗೂ ಜೋಮ್‌ಸೋಮ್ ಗಾಳಿ ಹೊಸದು. ಒಂದು ಕಡೆ ಧವಲಗಿರಿ, ಇನ್ನೊಂದು ಕಡೆ ಅನ್ನಪೂರ್ಣ, ಎರಡೂ 8,000 ದಾಟಿದವು. ಅವುಗಳ ಸಂದಿಯಲ್ಲಿ ಕಣಿವೆ. ಬಿಸಿಲೇರಿದ ಮೇಲೆ ಮೇಲಿನ ಬಯಲಿನ ಗಾಳಿ ಕಾದು ಏರುತ್ತದೆ, ಕೆಳಗಿನ ಗಾಳಿ ಆ ಸಂದಿಯಿಂದ ನುಗ್ಗುತ್ತದೆ. ಬೆಳಗ್ಗೆ ಹತ್ತು–ಹನ್ನೊಂದಕ್ಕೆ ಶುರು, ಸಂಜೆವರೆಗೂ ನಿಲ್ಲುವುದಿಲ್ಲ. ಜೋಮ್‌ಸೋಮ್‌ಗೆ ವಿಮಾನಗಳೂ ಬೆಳಗ್ಗೆ ಮಾತ್ರ ಹಾರುತ್ತವೆ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ, ಅದರ ಜೊತೆ ಮರಳು. ಹಾಗಾಗಿ ಇಳಿಯುವ ದಿನ ಆರಕ್ಕೇ ಹೊರಡಿ. ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸುವಾಗ ಗಾಳಿ ಸ್ಟ್ಯಾಂಡಿನ ಕಡೆಯಿಂದ ಬೀಸದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಚಹಾ ಕುಡಿದು ಬರುವಷ್ಟರಲ್ಲಿ ಮಲಗಿರುತ್ತದೆ.

ಗಾಡಿಯ ಕೆಲಸಕ್ಕೆ ಬರೋಣ. ಮುಕ್ತಿನಾಥದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ನಿಮ್ಮ ಬೈಕಿನ 24 ಚಿಲ್ಲರೆ ಕುದುರೆ ಶಕ್ತಿ ಅಲ್ಲಿ 16ರ ಆಸುಪಾಸಿಗೆ ಇಳಿಯುತ್ತದೆ. ಇಂಜೆಕ್ಷನ್ ಗಾಡಿಗೂ ಈ ನಷ್ಟ ಇದ್ದೇ ಇದೆ, ಆದರೆ ಅದು ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಗಾಳಿ ಕಡಿಮೆಯಾದರೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪ್ಲಗ್ ಕಪ್ಪಾಗುತ್ತದೆ, ಆಕ್ಸಿಲೇಟರ್ ಕೊಟ್ಟರೆ ಗುರ್ ಅಂತ ಉಸಿರುಗಟ್ಟುತ್ತದೆ. ಮೂರು ದಿನಕ್ಕೋಸ್ಕರ ಜೆಟ್, ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು, ಬದಲಿಸುವ ಗೋಜಿಗೆ ಹೋಗಬೇಡಿ. ಕೆಳಗಿಳಿದ ಮೇಲೆ ಅದೇ ಬದಲಿಸಿದ ಜೆಟ್ಟಿನಿಂದ ಇಂಜಿನ್ ಬಿಸಿಯೇರುತ್ತದೆ. ಹೊಸ ಏರ್ ಫಿಲ್ಟರ್ ಹಾಕಿಸಿ, ಎರಡು ಪ್ಲಗ್ ಜೊತೆಗಿರಲಿ, ಏರಿನಲ್ಲಿ ಒಂದು ಗೇರ್ ಕೆಳಗೇ ಇರಿ. ಬ್ರೇಕ್ ಆಯಿಲ್ ಎಷ್ಟು ವರ್ಷದ್ದು? ನೆನಪಿಲ್ಲ ಅಂದರೆ ಬದಲಿಸಿ. ಹಳೆ ಆಯಿಲ್ ನೀರು ಹೀರಿರುತ್ತದೆ, ಉದ್ದದ ಇಳಿಜಾರಿನಲ್ಲಿ ಕಾದು ಕುದಿದರೆ ಬ್ರೇಕ್ ಪೆಡಲ್ ಒಳಗೇ ಹೋಗುತ್ತದೆ. ಇಳಿಯುವಾಗ ಇಂಜಿನ್ನೇ ಬ್ರೇಕ್ ಅಂತ ತಿಳಿಯಿರಿ. ಕ್ಲಚ್ ಕೇಬಲ್ ಒಂದು, ಟ್ಯೂಬ್ ಎರಡು. ಪೋಖರಾ ದಾಟಿದ ಮೇಲೆ ಬಿಡಿಭಾಗ ಸಿಗುತ್ತದೆ ಅಂತ ನಂಬಬೇಡಿ. ಪೆಟ್ರೋಲಿನ ಚಿಂತೆ ಬೇಡ, ನಿಮ್ಮದು 15 ಲೀಟರ್ ಟ್ಯಾಂಕ್, ಬೇನಿಯಲ್ಲಿ ತುಂಬಿಸಿದರೆ ಹೋಗಿ ಬರುವಷ್ಟು ಆಗುತ್ತದೆ.

ಟಯರ್ ಗಾಳಿಯದ್ದು ಒಂದು ಮೋಜು. ಹುಬ್ಬಳ್ಳಿಯಲ್ಲಿ 32 ಹಾಕಿಸಿದ ಟಯರು ಮೇಲೆ ಹೋದಾಗ ಮಧ್ಯಾಹ್ನದ ಬಿಸಿಲಿನಲ್ಲಿ 36 ತೋರಿಸುತ್ತದೆ. ಹೊರಗಿನ ಒತ್ತಡ ಕಡಿಮೆಯಾಗಿರುತ್ತದೆ, ಮೀಟರ್ ತೋರಿಸುವುದು ಒಳಗಿನದಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸವನ್ನು. ನಾನು ಜಾಣತನ ಮಾಡಿ ಗಾಳಿ ಬಿಟ್ಟೆ. ಮರುದಿನ ಬೆಳಗ್ಗೆ ಚಳಿಗೆ ಅದೇ ಟಯರು 28ಕ್ಕೆ ಕೂತಿತ್ತು. ನೋಡದೆ ಹೊರಟೆ, ಒಂದು ಚೂಪು ಕಲ್ಲಿಗೆ ರಿಮ್ ಬಗ್ಗಿತು. ಅಳೆಯುವುದಿದ್ದರೆ ಬೆಳಗಿನ ತಂಪಿನಲ್ಲಿ ಅಳೆಯಿರಿ.

ಪಾಮಿರ್ ಮುಂದಿನ ವರ್ಷ ಅಂದಿರಿ. ಒಂದು ವರ್ಷ ಬಿಟ್ಟೇ ಹೋಗಿ. ಅದು ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ದುಶಾಂಬೆಗೆ ಸುಮಾರು 1,250 ಕಿ.ಮೀ. ದಾರಿ. ಸ್ವಂತ ಬೈಕ್ ಒಯ್ಯುವ ಆಸೆ ಬಿಡಿ. ನೆಲದ ಮೇಲೆ ಹೋಗಲು ನಡುವೆ ಪಾಕಿಸ್ತಾನ, ಚೀನಾ ಇವೆ. ದೆಹಲಿಯಿಂದ ವಿಮಾನದಲ್ಲಿ ಹೋಗಿ ಅಲ್ಲೇ ಬಾಡಿಗೆಗೆ ತಗೋಬೇಕು. ಎರಡು ದೇಶಕ್ಕೂ ಇ–ವೀಸಾ ಸಿಗುತ್ತದೆ, ಪಾಮಿರ್ ಇರುವ ಬದಖ್‌ಶಾನ್ ಸೀಮೆಗೆ ಬೇರೆ ಪರವಾನಗಿ ಬೇಕು. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಅದರಲ್ಲಿ ಮೋಟಾರ್‌ಸೈಕಲ್ ವರ್ಗ ನಮೂದಾಗಿದೆಯಾ ಅಂತ ಕೌಂಟರ್ ಬಿಡುವ ಮುಂಚೆ ನೋಡಿ. ಅದರ ಅವಧಿ ಒಂದೇ ವರ್ಷ, ಈಗಲೇ ಮಾಡಿಸಿ ಇಡಬೇಡಿ.

ಆ ಎರಡು ದೇಶಗಳು 2021 ಮತ್ತು 2022ರಲ್ಲಿ ಗಡಿಗಾಗಿ ಗುಂಡು ಹಾರಿಸಿಕೊಂಡವು. 2021ರಿಂದ ಗಡಿ ಮುಚ್ಚಿತ್ತು, 2025ರ ಮಾರ್ಚಿನಲ್ಲಿ ಒಪ್ಪಂದ ಆದ ಮೇಲೆ ತೆರೆಯಿತು. ಕಿರ್ಗಿಸ್ ಕಟ್ಟೆಗೂ ತಜಿಕ್ ಕಟ್ಟೆಗೂ ನಡುವೆ ಸುಮಾರು 20 ಕಿ.ಮೀ. ಯಾರದ್ದೂ ಅಲ್ಲದ ಜಾಗ, ಅದರೊಳಗೇ 4,280 ಮೀಟರಿನ ಕಿಜಿಲ್ ಆರ್ಟ್ ಘಾಟಿ. ಕೆಂಪು ಮಣ್ಣು. ಮಳೆಯಾದರೆ ನಿಮ್ಮ ಎರಿ ಹೊಲದ ದಾರಿಯ ಹಾಗೇ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಳ್ಳುತ್ತದೆ. ಕಿರ್ಗಿಸ್ ವೀಸಾ ಒಂದೇ ಪ್ರವೇಶದ್ದಾಗಿದ್ದು, ಹೊರಬಂದ ಮೇಲೆ ತಜಿಕ್ ಕಡೆ ಕಾಗದದಲ್ಲಿ ತಪ್ಪು ಕಂಡರೆ, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹಾಗಾಗಿ ಎರಡು ಪ್ರವೇಶದ ವೀಸಾ, ಬೈಕ್ ಮಾಲೀಕರಿಂದ ಗಡಿ ದಾಟಿಸಲು ಒಪ್ಪಿಗೆ ಪತ್ರ, ಎರಡೂ ಕೈಯಲ್ಲಿರಲಿ. ಮುಂದೆ ಅಕ್ ಬೈತಾಲ್ ಘಾಟಿ, 4,655 ಮೀಟರ್. ಇನ್ನೂ ಮುಂದೆ, ಖೋರೋಗ್ ಊರು ದಾಟಿದ ಮೇಲೆ ಪಂಜ್ ನದಿ ಜೊತೆಯಾಗುತ್ತದೆ, ಆಚೆ ದಂಡೆ ಆಫ್ಘಾನಿಸ್ತಾನ. ಕೆಲವು ಕಡೆ ಆಚೆ ದಂಡೆಯ ಕತ್ತೆಯ ಗಂಟೆಯೂ ಕೇಳುತ್ತದೆ. ನದಿ ದಂಡೆಗೆ ಇಳಿದು ಟೆಂಟ್ ಹಾಕಬೇಡಿ, ಆ ಗಡಿಯುದ್ದಕ್ಕೂ ಹಳೆಯ ನೆಲಬಾಂಬುಗಳಿವೆ. ಹೊರಡುವ ಮುಂಚೆ ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡಿ. ಹೋಗಬೇಡಿ ಅಂದಿದ್ದರೆ ಹೋಗಬೇಡಿ.

ಕೊನೆಗೆ ನಿಮ್ಮ ಮನೆಯವರ ಪ್ರಶ್ನೆ. ನಿಮ್ಮ ಎಲ್ಲ ಪ್ರಶ್ನೆಗಿಂತ ಅದೇ ಗಟ್ಟಿಯಾದದ್ದು. ತಂಗಿ, ಉತ್ತರ ಇದು. ನೇಪಾಳದಲ್ಲಿ ಹೊತ್ತು ತರುವುದು ಹೆಲಿಕಾಪ್ಟರ್. ಆದರೆ ದುಡ್ಡು ಕೊಡುವವರು ಯಾರು ಅಂತ ಗೊತ್ತಾಗದೆ ಅದು ಮೇಲೇಳುವುದಿಲ್ಲ. ಅದಕ್ಕೆ ಪ್ರವಾಸ ವಿಮೆ ಬೇಕು, ಅದರ ಸಣ್ಣ ಅಕ್ಷರ ನೀವೇ ಕೂತು ಓದಿ. ಮೂರು ಮಾತು ಹುಡುಕಿ. ಮೋಟಾರ್‌ಸೈಕಲ್ ಓಡಿಸುವಾಗ ಆದ ಗಾಯಕ್ಕೆ ಕೊಡುತ್ತಾರಾ, ಎಷ್ಟು ಸಿಸಿವರೆಗೆ? ಇವರದ್ದು 411. ಎಷ್ಟು ಮೀಟರ್ ಎತ್ತರದವರೆಗೆ? ಬಹಳ ಪಾಲಿಸಿ 3,000ಕ್ಕೇ ನಿಲ್ಲುತ್ತವೆ. ಹೆಲಿಕಾಪ್ಟರ್ ಖರ್ಚು ಸೇರಿದೆಯಾ? ಮೂರಕ್ಕೂ ಹೌದು ಅಂತ ಬರಹದಲ್ಲಿ ಬರುವವರೆಗೆ ದುಡ್ಡು ಕಟ್ಟಬೇಡಿ. ಪಾಲಿಸಿ ನಂಬರ್, ಕಂಪನಿಯ 24 ತಾಸಿನ ಫೋನ್, ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ನಂಬರ್, ಇವರ ರಕ್ತದ ಗುಂಪು, ಯಾವ ರಾತ್ರಿ ಯಾವ ಊರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಗೆಳೆಯನ ಜೇಬಿನಲ್ಲಿ. ಇವರ ಜೇಬಿನಲ್ಲಿ ಇದ್ದರೆ ಸಾಲದು, ಬಿದ್ದಾಗ ಇವರು ತೆಗೆದು ಓದುವ ಸ್ಥಿತಿಯಲ್ಲಿ ಇರಲಿಕ್ಕಿಲ್ಲ. ಫೋನ್ ಬರಲಿಲ್ಲ ಅಂತ ಒಂದು ರಾತ್ರಿಗೇ ಗಾಬರಿ ಆಗಬೇಡಿ, ಎರಡು ರಾತ್ರಿ ಕಳೆದರೆ ಹಾಳೆ ಕೈಗೆತ್ತಿಕೊಳ್ಳಿ. ಗಡಿ ದಾಟಿದ ಕೂಡಲೇ ನೇಪಾಳ ಟೆಲಿಕಾಂ ಸಿಮ್ ಹಾಕಿಸಿಕೊಳ್ಳಲು ಇವರಿಗೆ ಹೇಳಿ, ಮೇಲೆ ಅದೇ ಚೆನ್ನಾಗಿ ಸಿಗುತ್ತದೆ.

ತಾರೀಖಿನ ಬಗ್ಗೆ ಒಂದು ಮಾತು ಉಳಿಯಿತು. ದಸರೆಯಲ್ಲಿ ಹೋಗುತ್ತೇವೆ ಅಂದಿರಿ. ನಮ್ಮ ನವರಾತ್ರಿಯೇ ನೇಪಾಳಿಗರ ದಶೈಂ, ಅವರ ವರ್ಷದ ದೊಡ್ಡ ಹಬ್ಬ. ಕಚೇರಿಗಳಿಗೆ ದಿನಗಟ್ಟಲೆ ರಜೆ, ಪರವಾನಗಿ ಕೊಡುವವರು ಊರಿಗೆ ಹೋಗಿರುತ್ತಾರೆ, ಬಸ್ಸುಗಳ ಮೇಲೂ ಜನ. ಆ ವಾರ ಅಲ್ಲಿರಬೇಡಿ. ಮನೆಯಲ್ಲೇ ಖಂಡೆ ಪೂಜೆ ಮಾಡಿ, ಬೈಕಿಗೆ ಕುಂಬಳಕಾಯಿ ಒಡೆದು, ಎಲ್ಲರಿಗೂ ಬನ್ನಿ ಕೊಟ್ಟು, ಮರುದಿನ ಬೈಕ್ ಪಾರ್ಸೆಲ್ ಆಫೀಸಿಗೆ ಒಯ್ಯಿರಿ. ಹುಣ್ಣಿಮೆ ಕಳೆದ ಮೇಲೆ ಸೋನೌಲಿ ಮುಟ್ಟುತ್ತೀರಿ, ಹಣೆಗೆ ಟೀಕಾ ಹಚ್ಚಿಕೊಂಡವರು ಕೌಂಟರಿಗೆ ವಾಪಸ್ ಬಂದಿರುತ್ತಾರೆ. ದೀಪಾವಳಿಯ ನೀರು ತುಂಬುವ ಹೊತ್ತಿಗೆ ಬ್ಯಾಡಗಿಯಲ್ಲಿರುತ್ತೀರಿ. ಬ್ರೇಕ್ ಆಯಿಲ್ ಕೆಲಸ ಮಾತ್ರ ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ, ಒಂದು ತಿಂಗಳು ಮುಂಚೆ ಮಾಡಿಸಿ ಅರಬೈಲ್ ಘಟ್ಟ ಒಮ್ಮೆ ಇಳಿದು ನೋಡಿ.